ಸಸ್ಯಶಾಸ್ತ್ರಜ್ಞ ರಂಫಿಯಸ್

ಶಾಲೆ, ಕಚೇರಿಗಳ ಅಂಗಳದಲ್ಲಿಯೂ ಮನೆಗಳ ಮುಂದಿನ ಕುಂಡಗಳಲ್ಲಿಯೂ ಬೆಳೆಸುವ ಒಂದು ಪೊದೆಗಿಡವನ್ನು ನಮ್ಮ ನಾಡಿನಲ್ಲಿ ನೋಡದವರಿಲ್ಲ. ಅದರ ಸೊಗಸೆಲ್ಲ ಎಲೆಯಲ್ಲಿದೆ. ಹಸುರಿನ ಮೇಲೆ ಹಳದಿಯ ಚುಕ್ಕೆ, ಕೆಂಪು ನರ, ಕಿತ್ತಳೆಯ ಅಂಚು; ಒಂದು ಗಿಡದ ಎಲೆ ಅಗಲ, ಇನ್ನೊಂದರದು ಪಟ್ಟಿಯಂತೆ ನೀಳ, ಮತ್ತೊಂದರದು ತಿರುಪಿನಂತೆ ಸುರುಳಿ. ಇದನ್ನು ಎಲ್ಲರೂ ಕ್ರೋಟನ್ ಎಂದು ಕರೆಯುತ್ತಾರೆ. ಆದರೆ ಸಸ್ಯಶಾಸ್ತ್ರದ ಪ್ರಕಾರ ಇದು ಕ್ರೋಟನ್ ಅಲ್ಲ. ಇದರ ಸರಿಯಾದ ಹೆಸರು ಕೋಡಿಯಿಯಮ್. ಈ ಹೆಸರನ್ನು ಗ್ರಂಥಸ್ಥಗೊಳಿಸಿದವನು ಮುನ್ನೂರು ವರ್ಷಗಳಿಗೂ ಹಿಂದೆ ಪೂರ್ವಸಮುದ್ರದ ಒಂದು ಸಣ್ಣ ದ್ವೀಪದಲ್ಲಿ ಬಾಳಿದ ಗೆಯೋರ್ಗ್ ಎಬರ್ಹಾರ್ಡ್ ರಂಫಿಯಸ್. ಬಣ್ಣಗಳಿಂದಲೇ ಹೆಸರಾದ ಈ ಗಿಡದ ವರ್ಣನೆಯನ್ನು ಹೇಳಿ ಬರೆಸುವ ವೇಳೆಗೆ ಅವನ ಎರಡು ಕಣ್ಣುಗಳೂ ದೃಷ್ಟಿಯನ್ನು ಕಳೆದುಕೊಂಡಿದ್ದವು.

ರಂಫಿಯಸನು 1627ರಲ್ಲಿ ಜರ್ಮನಿಯ ಹೆಸ್ಸೆ ಪ್ರಾಂತದಲ್ಲಿ ಜನಿಸಿದನು. ಮನೆತನದ ಹೆಸರು ರಂಫ್. ಅಂದಿನ ವಿದ್ವಾಂಸರ ಪದ್ಧತಿಯಂತೆ ಅದು ಲ್ಯಾಟಿನ್ ರೂಪವನ್ನು ತಾಳಿ ರಂಫಿಯಸ್ ಆಯಿತು. ತಂದೆ ಕಟ್ಟಡಗಳನ್ನೂ ಕೋಟೆಗಳನ್ನೂ ಕಟ್ಟಿಸುವ ಇಂಜಿನಿಯರನಾಗಿದ್ದನು. ತಾಯಿಯ ಕಡೆಯವರಿಂದ ಬಾಲಕನಿಗೆ ಡಚ್ ಭಾಷೆಯ ಪರಿಚಯವಾಯಿತು. ಹನಾವು ಪಟ್ಟಣದ ಶಾಲೆಯಲ್ಲಿ ಅವನು ಲ್ಯಾಟಿನ್ ಮೊದಲಾದ ವಿದ್ಯೆಗಳನ್ನು ಕಲಿತನು. ಆಗ ಜರ್ಮನಿಯಲ್ಲಿ ಮೂವತ್ತು ವರ್ಷಗಳ ಯುದ್ಧವು ನಡೆಯುತ್ತಿತ್ತು. 1618ರಲ್ಲಿ ಆರಂಭವಾದ ಆ ಯುದ್ಧವು 1648ರವರೆಗೂ ಮುಗಿಯಲಿಲ್ಲ. ಊರುಗಳು ಸುಟ್ಟುಹೋದವು, ಹೊಲಗಳು ಬೀಳುಬಿದ್ದವು. ತರುಣರಿಗೆ ಸ್ವದೇಶದಲ್ಲಿ ಬದುಕುವ ದಾರಿಯೇ ಕಾಣದಂತಾಗಿತ್ತು.

ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ರಂಫಿಯಸನು ವೆನಿಸ್ ಗಣರಾಜ್ಯದ ಸೇವೆಗೆಂದು ಸೈನ್ಯವನ್ನು ಸೇರಿದನು. ಆದರೆ ಸೇರಿಸಿಕೊಂಡವರು ಮೋಸಗಾರರು. ವೆನಿಸಿಗೆಂದು ಹೊರಟವನನ್ನು ಅವರು ಬ್ರೆಜಿಲಿಗೆ ಹೋಗುವ ಹಡಗಿಗೆ ಹತ್ತಿಸಿದರು. ಆ ಹಡಗೂ ಬ್ರೆಜಿಲನ್ನು ಮುಟ್ಟಲಿಲ್ಲ. ತರುಣನು ಪೋರ್ಚುಗಲ್ ದೇಶದಲ್ಲಿ ಕೆಲವು ವರ್ಷಗಳನ್ನು ಕಳೆದು, ಯುದ್ಧವು ಮುಗಿದ ಸುಮಾರಿಗೆ ಊರಿಗೆ ಮರಳಿದನು. ಮೊದಲ ಪ್ರಯಾಣವು ಹೀಗೆ ವಿಫಲವಾದರೂ ದೂರದ ನಾಡುಗಳ ಆಸೆ ಅವನನ್ನು ಬಿಡಲಿಲ್ಲ. 1651ರಲ್ಲಿ ತಾಯಿ ತೀರಿಕೊಂಡಳು. ಮರುವರ್ಷದ ಕೊನೆಯಲ್ಲಿ ಅವನು ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯನ್ನು ಹಿಡಿದು ಹಡಗನ್ನೇರಿದನು; 1653ರಲ್ಲಿ ಬಟೇವಿಯವನ್ನು, ಎಂದರೆ ಇಂದಿನ ಜಕಾರ್ತವನ್ನು ತಲಪಿದನು. ಅಲ್ಲಿಂದ ಮುಂದೆ ಅಂಬೋನ್ ದ್ವೀಪಕ್ಕೆ ಅವನನ್ನು ಕಳುಹಿಸಿದರು. ಅವನು ಮತ್ತೆಂದೂ ಯುರೋಪನ್ನು ಕಾಣಲಿಲ್ಲ.

ಅಂಬೋನ್ ದ್ವೀಪವು ಮೊಲುಕ್ಕ ದ್ವೀಪಸಮೂಹಕ್ಕೆ ಸೇರಿದ್ದು, ಭೂಮಧ್ಯರೇಖೆಗೆ ಸ್ವಲ್ಪ ದಕ್ಷಿಣದಲ್ಲಿದೆ. ಇಂದು ಅದು ಇಂಡೋನೇಷ್ಯ ದೇಶದ ಭಾಗ. ಲವಂಗ, ಜಾಯಿಕಾಯಿಗಳ ತವರು ಈ ದ್ವೀಪಗಳೇ. ಆ ಕಾಲದಲ್ಲಿ ಯುರೋಪಿನ ಪೇಟೆಗಳಲ್ಲಿ ಲವಂಗಕ್ಕಿದ್ದ ಬೆಲೆಯೇ ಡಚ್ಚರನ್ನು ಇಲ್ಲಿಗೆ ಎಳೆದು ತಂದಿತ್ತು. ಲವಂಗದ ವ್ಯಾಪಾರವು ತಮ್ಮೊಬ್ಬರ ಕೈಯಲ್ಲಿಯೇ ಇರಬೇಕೆಂದು ಕಂಪನಿಯವರು ತಮ್ಮ ಹಿಡಿತಕ್ಕೆ ಹೊರಗಿದ್ದ ದ್ವೀಪಗಳ ಲವಂಗದ ಮರಗಳನ್ನು ಕಡಿಸಿಹಾಕುತ್ತಿದ್ದರು. ಎದುರಾಡಿದ ಜನರ ಮೇಲೆ ಯುದ್ಧವನ್ನೂ ಮಾಡುತ್ತಿದ್ದರು. ಗಿಡಮರಗಳನ್ನು ಲೆಕ್ಕದ ಪುಸ್ತಕದಲ್ಲಿ ಮಾತ್ರ ಕಂಡ ಆ ವ್ಯಾಪಾರಿಗಳ ನಡುವೆ, ಗಿಡವನ್ನು ಗಿಡಕ್ಕಾಗಿಯೇ ನೋಡಿದ ಒಬ್ಬನು ಹುಟ್ಟಿಕೊಂಡದ್ದು ಆಶ್ಚರ್ಯದ ಸಂಗತಿಯೇ ಸರಿ.

ಮೊದಲು ಕೆಲಕಾಲ ರಂಫಿಯಸನು ಸೈನ್ಯದ ಇಂಜಿನಿಯರನಾಗಿ ಕೆಲಸಮಾಡಿದನು. ಆ ವೃತ್ತಿ ಅವನಿಗೆ ಹಿಡಿಸಲಿಲ್ಲ. 1657ರಲ್ಲಿ ಬೇಡಿಕೊಂಡು ವ್ಯಾಪಾರದ ಇಲಾಖೆಗೆ ವರ್ಗ ಮಾಡಿಸಿಕೊಂಡನು. ದ್ವೀಪದ ಉತ್ತರ ಭಾಗವಾದ ಹಿಟುವಿನ ಕರಾವಳಿಯಲ್ಲಿ, ಮೊದಲು ಲಾರಿಕೆ ಎಂಬಲ್ಲಿ, ಅನಂತರ ಹಿಲಾ ಎಂಬಲ್ಲಿ, ಅವನು ಕಂಪನಿಯ ಅಧಿಕಾರಿಯಾಗಿ ನೆಲಸಿದನು. ಲವಂಗದ ಲೆಕ್ಕ, ಹಳ್ಳಿಗಳ ವ್ಯಾಜ್ಯ, ಹಡಗುಗಳ ಸರಕು, ಇವೆಲ್ಲ ಮುಗಿದ ಮೇಲೆ ಉಳಿದ ವೇಳೆಯೆಲ್ಲ ಅವನದು. ಬೆಟ್ಟವನ್ನು ಹತ್ತಿ, ಅಳಿವೆಗಳ ಕೆಸರಿನಲ್ಲಿ ಇಳಿದು, ಕಡಲ ದಂಡೆಯಲ್ಲಿ ಅಲೆದು ಅವನು ಗಿಡ, ಚಿಪ್ಪು, ಏಡಿ, ಕಲ್ಲುಗಳನ್ನು ಕೂಡಿಹಾಕಿದನು. ಮಲಯ ಭಾಷೆಯನ್ನು ಕಲಿತನು. ಮೀನುಗಾರರು, ಮುದುಕಿಯರು, ನಾಟಿವೈದ್ಯರು ಹೇಳಿದ್ದನ್ನು ಕೇಳಿ ಬರೆದುಕೊಂಡನು. ಸುಸಾನ ಎಂಬ ಆ ನಾಡಿನ ಹೆಂಗಸು ಅವನ ಬಾಳಸಂಗಾತಿಯಾದಳು. ಗಿಡಮೂಲಿಕೆಗಳನ್ನು ಹುಡುಕುವ ಕೆಲಸದಲ್ಲಿ ಮೊದಲ ಸಹಾಯಕಳೂ ಅವಳೇ ಆದಳು.

1663ರಲ್ಲಿ ಅವನು ಹಾಲೆಂಡಿನಲ್ಲಿದ್ದ ಕಂಪನಿಯ ನಿರ್ದೇಶಕರಿಗೆ ಒಂದು ಪತ್ರವನ್ನು ಬರೆದನು. ಈ ದ್ವೀಪಗಳ ಸಸ್ಯಗಳನ್ನೂ ಪ್ರಾಣಿಗಳನ್ನೂ ಕುರಿತು ಒಂದು ಗ್ರಂಥವನ್ನು ರಚಿಸಬೇಕೆಂದಿರುವುದಾಗಿಯೂ, ಅದಕ್ಕೆ ಬೇಕಾದ ಪುಸ್ತಕಗಳನ್ನು ತರಿಸಿಕೊಳ್ಳಲು ಅಪ್ಪಣೆ ಕೊಡಬೇಕೆಂದೂ ಅದರಲ್ಲಿ ಕೇಳಿಕೊಂಡಿದ್ದನು. ನಿರ್ದೇಶಕರು ಒಪ್ಪಿದರು. ರಂಫಿಯಸನು ಲ್ಯಾಟಿನ್ ಭಾಷೆಯಲ್ಲಿ ಬರೆಯತೊಡಗಿದನು.

ಅವನ ಕೆಲಸವು ಎಷ್ಟು ಕಷ್ಟದ್ದೆಂಬುದನ್ನು ತಿಳಿಯಬೇಕಾದರೆ ಅಂದಿನ ಸಸ್ಯಶಾಸ್ತ್ರದ ಸ್ಥಿತಿಯನ್ನು ನೆನೆಯಬೇಕು. ಲಿನೇಯಸನು ಇನ್ನೂ ಹುಟ್ಟಿರಲಿಲ್ಲ. ಒಂದು ಗಿಡಕ್ಕೆ ಎರಡು ಪದಗಳ ಹೆಸರನ್ನಿಡುವ ಪದ್ಧತಿ ಬಳಕೆಗೆ ಬಂದಿರಲಿಲ್ಲ. ಜಾತಿ, ಪ್ರಭೇದ, ಕುಟುಂಬ ಎಂದು ಇಂದು ನಾವು ಸುಲಭವಾಗಿ ಆಡುವ ಮಾತುಗಳಿಗೆ ನಿಶ್ಚಿತವಾದ ಅರ್ಥವಿರಲಿಲ್ಲ. ಯುರೋಪಿನ ಗ್ರಂಥಗಳಲ್ಲಿ ಈ ದ್ವೀಪಗಳ ಗಿಡಗಳ ಹೆಸರನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಆದ್ದರಿಂದ ರಂಫಿಯಸನು ತನ್ನದೇ ಆದ ಕ್ರಮವನ್ನು ಕಟ್ಟಿಕೊಂಡನು. ತಿನ್ನುವ ಹಣ್ಣಿನ ಮರಗಳು, ಸುವಾಸನೆಯ ಮರಗಳು, ಕಾಡುಮರಗಳು, ಪೊದೆಗಿಡಗಳು, ಬಳ್ಳಿಗಳು, ಮೂಲಿಕೆಗಳು ಎಂದು ವಿಭಾಗಿಸಿದನು. ಗ್ರಂಥವು ತೆಂಗಿನ ಮರದಿಂದ ಆರಂಭವಾಗುತ್ತದೆ. ಪ್ರತಿಯೊಂದು ಗಿಡಕ್ಕೂ ಮೊದಲು ಅದರ ರೂಪ. ಅನಂತರ ಲ್ಯಾಟಿನ್, ಡಚ್, ಮಲಯ ಮತ್ತು ದ್ವೀಪಗಳ ನುಡಿಗಳಲ್ಲಿ ಅದರ ಹೆಸರು. ಬಳಿಕ ಅದು ಬೆಳೆಯುವ ಸ್ಥಳ. ಕೊನೆಗೆ ಅದರ ಉಪಯೋಗ. ಸ್ಥಳವನ್ನು ಬೇರೆಯಾಗಿ ಹೇಳಬೇಕೆಂಬ ನಿಯಮವು ಬಹು ಮುಖ್ಯವಾದುದು. ಈ ಗಿಡ ಬೆಟ್ಟದ್ದೋ ದಂಡೆಯದ್ದೋ, ಇದೇ ದ್ವೀಪದ್ದೋ ಹೊರಗಿನಿಂದ ಬಂದದ್ದೋ ಎಂಬ ವಿಚಾರಕ್ಕೆ ಅಂದಿನ ಗಿಡಮೂಲಿಕೆಯ ಪುಸ್ತಕಗಳು ಅಷ್ಟಾಗಿ ಗಮನ ಕೊಡುತ್ತಿರಲಿಲ್ಲ.

ಗ್ರಂಥವು ಹೀಗೆ ಬೆಳೆಯುತ್ತಿದ್ದಾಗ, 1670ರಲ್ಲಿ, ರಂಫಿಯಸನ ದೃಷ್ಟಿ ಮಂಜಾಗುತ್ತ ಬಂದಿತು. ಸುಡುಬಿಸಿಲಿನಲ್ಲಿ ಅಲೆದುದೇ ಇದಕ್ಕೆ ಕಾರಣವೆಂದು ಅವನು ನಂಬಿದ್ದನು. ಗ್ಲಾಕೋಮ ಎಂಬ ಕಣ್ಣಿನ ರೋಗವಿದ್ದಿರಬೇಕೆಂದು ಈಚಿನವರು ಊಹಿಸುತ್ತಾರೆ. ಕೆಲವೇ ದಿನಗಳಲ್ಲಿ ಅವನು ಪೂರ್ತಿ ಕುರುಡನಾದನು. ಆಗ ಅವನ ವಯಸ್ಸು ನಲವತ್ಮೂರು ತುಂಬಿರಲಿಲ್ಲ. ವರ್ಗೀಕರಣವೆಂದರೆ ಕಣ್ಣಿನ ಕೆಲಸ. ಎಲೆಯ ಅಂಚನ್ನು, ಹೂವಿನ ಕೇಸರಗಳನ್ನು, ಬೀಜದ ಗೆರೆಗಳನ್ನು ನೋಡಿ, ಇದಕ್ಕೂ ಅದಕ್ಕೂ ಇರುವ ಭೇದವನ್ನು ಹೇಳಬೇಕಾದವನಿಗೆ ಕಣ್ಣೇ ಹೋದರೆ ಉಳಿಯುವುದೇನು?

ಕಂಪನಿಯು ಅವನನ್ನು ಕೈಬಿಡಬಹುದಾಗಿತ್ತು. ಹಾಗೆ ಮಾಡಲಿಲ್ಲವೆಂಬುದನ್ನು ಅದರ ಹಿತಕ್ಕಾಗಿ ಹೇಳಲೇಬೇಕು. ಅವನ ಪದವಿಯನ್ನೂ ಸಂಬಳವನ್ನೂ ಮುಂದುವರಿಸಿ, ಹಿಲಾದಿಂದ ಅಂಬೋನ್ ಪಟ್ಟಣಕ್ಕೆ ಅವನನ್ನು ಕರೆಯಿಸಿಕೊಂಡರು. ಅಲ್ಲಿ ಅವನು ಆಡಳಿತ ಮಂಡಲಿಯಲ್ಲಿ ಕುಳಿತು ಸಲಹೆಗಳನ್ನು ಕೊಡುತ್ತಿದ್ದನು. ಉಳಿದ ವೇಳೆಯಲ್ಲಿ ಗ್ರಂಥರಚನೆ. ಆದರೆ ಈಗ ಅವನು ಸ್ವತಃ ಬರೆಯುವಂತಿರಲಿಲ್ಲ. ಬರೆದುಕೊಳ್ಳಲು ಸಿಕ್ಕ ಗುಮಾಸ್ತರಿಗೆ ಲ್ಯಾಟಿನ್ ಬಾರದು. ಅನೇಕ ವರ್ಷಗಳಿಂದ ಲ್ಯಾಟಿನ್ನಿನಲ್ಲಿ ಬರೆದುದನ್ನು ಬದಿಗಿರಿಸಿ ರಂಫಿಯಸನು ಮತ್ತೆ ಮೊದಲಿನಿಂದ ಡಚ್ ಭಾಷೆಯಲ್ಲಿ ಹೇಳಿ ಬರೆಸತೊಡಗಿದನು. ಯಾರಾದರೂ ಒಂದು ರೆಂಬೆಯನ್ನು ತಂದರೆ ಅದನ್ನು ಮುಟ್ಟಿ, ಮೂಸಿ, ನಾಲಗೆಗೆ ಹಚ್ಚಿ, ಬಣ್ಣವನ್ನು ಪಕ್ಕದವರಿಂದ ಕೇಳಿ, ಹಿಂದೆ ಕಂಡಿದ್ದರ ನೆನಪಿನೊಡನೆ ಅದನ್ನು ಹೋಲಿಸಿ ನೋಡುವುದೇ ಅವನಿಗೆ ಉಳಿದಿದ್ದ ದಾರಿ.

ಕುರುಡನಾದ ನಾಲ್ಕು ವರ್ಷಗಳ ಮೇಲೆ ಇನ್ನೂ ಘೋರವಾದ ಪೆಟ್ಟು ಬಿದ್ದಿತು. 1674ರ ಫೆಬ್ರವರಿ 17ರ ಸಂಜೆ ಚೀನೀಯರ ಹೊಸವರ್ಷದ ಹಬ್ಬ. ಊರೆಲ್ಲ ಸಂಭ್ರಮದಲ್ಲಿತ್ತು. ಆ ವೇಳೆಯಲ್ಲಿ ಭೂಮಿ ನಡುಗಿತು. ಗೋಡೆ ಕುಸಿದು ಸುಸಾನಳೂ ಮಗಳೂ ಅದರಡಿಯಲ್ಲಿ ಸಿಕ್ಕಿ ಪ್ರಾಣಬಿಟ್ಟರು. ಹಿಟುವಿನ ಕರಾವಳಿಯಲ್ಲಿ ಸಮುದ್ರವು ಮೇಲೆದ್ದು ಹಳ್ಳಿಗಳನ್ನು ಕೊಚ್ಚಿಕೊಂಡು ಹೋಯಿತು. ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ರಂಫಿಯಸನು ಹೊರಗೆ ಅಡ್ಡಾಡಲು ಹೋಗಿದ್ದುದರಿಂದ ಬದುಕಿ ಉಳಿದನು. ದುಃಖದ ನಡುವೆಯೇ ಅವನು ಆ ಭೂಕಂಪವನ್ನೂ ಕಡಲಿನ ಉಬ್ಬರವನ್ನೂ ಕುರಿತು ಒಂದು ವಿವರವಾದ ವರದಿಯನ್ನು ಸಿದ್ಧಪಡಿಸಿದನು. ಇಂಡೋನೇಷ್ಯದ ಸುನಾಮಿಗಳ ಚರಿತ್ರೆಯನ್ನು ಬರೆಯುವವರು ಇಂದಿಗೂ ಆ ವರದಿಯನ್ನು ತೆರೆಯುತ್ತಾರೆ. ಸುಸಾನಳು ತನಗೆ ಮೊದಲು ತೋರಿಸಿಕೊಟ್ಟಿದ್ದ ಒಂದು ಬಿಳಿಯ ಸೀತಾಳೆ ಹೂವಿಗೆ ಅವನು ಅವಳ ಹೆಸರನ್ನೇ ಇಟ್ಟನು. ಸಸ್ಯಶಾಸ್ತ್ರದಲ್ಲಿ ಆ ಹೂವು ಈಗಲೂ ಸುಸಾನೆ ಎಂಬ ಪ್ರಭೇದನಾಮದಿಂದಲೇ ಪ್ರಸಿದ್ಧವಾಗಿದೆ.

ಅವನು ಹೇಳಿ ಬರೆಸಿದ ಸಾವಿರಕ್ಕೂ ಮಿಕ್ಕ ಗಿಡಗಳ ಪೈಕಿ ಇಂದು ಯೂಫೋರ್ಬಿಯೇಸಿ ಎಂದು ಕರೆಯುವ ಕುಟುಂಬಕ್ಕೆ ಸೇರಿದವು ಹಲವಿವೆ. ಈ ಕುಟುಂಬ ನಮಗೆ ಅಪರಿಚಿತವೇನಲ್ಲ. ಹರಳು, ಮರಗೆಣಸು, ಬೇಲಿಯ ಕಳ್ಳಿ, ರಬ್ಬರ್ ಮರ, ತೋಟದ ಪಾಯಿನ್ಸೆಟಿಯ, ಇವೆಲ್ಲ ಒಂದೇ ಬಳಗದವು. ನೋಡುವುದಕ್ಕೆ ಒಂದಕ್ಕೂ ಇನ್ನೊಂದಕ್ಕೂ ಹೋಲಿಕೆಯೇ ಇಲ್ಲ. ಒಂದು ಮುಳ್ಳಿನ ಕಂಬದಂತಿದೆ, ಒಂದು ಹೆಮ್ಮರವಾಗಿದೆ, ಮತ್ತೊಂದು ಅಂಗೈಯಂತೆ ಸೀಳಿದ ಎಲೆಯ ಗಿಡ. ಹೋಲಿಕೆ ಇರುವುದು ಹೂವಿನಲ್ಲಿ ಮತ್ತು ಕಾಯಿಯಲ್ಲಿ. ಹೂಗಳು ಬಹು ಸಣ್ಣವು. ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಪಾಯಿನ್ಸೆಟಿಯದಲ್ಲಿ ಕೆಂಪು ದಳಗಳಂತೆ ಕಾಣುವುವು ವಾಸ್ತವವಾಗಿ ಎಲೆಗಳು. ಕಾಯಿ ಸಾಮಾನ್ಯವಾಗಿ ಮೂರು ಹೋಳಿನದು. ಹರಳುಕಾಯಿಯನ್ನು ಬಿಡಿಸಿದವರಿಗೆ ಇದು ತಿಳಿದೇ ಇದೆ. ಅನೇಕ ಗಿಡಗಳಲ್ಲಿ ಹಾಲಿನಂತಹ ರಸವಿದ್ದು, ಅದು ಕೆಲವುಗಳಲ್ಲಿ ವಿಷವೂ ಹೌದು.

ಕೋಡಿಯಿಯಮ್ ಎಂಬುದು ಮೊಲುಕ್ಕದವರ ಕೋಡಿಹೋ ಎಂಬ ಪದದಿಂದ ರಂಫಿಯಸನು ಮಾಡಿಕೊಂಡ ಹೆಸರು. ದ್ವೀಪದ ಜನರು ಕರೆಯುತ್ತಿದ್ದ ಹೆಸರನ್ನೇ ಅವನು ಲ್ಯಾಟಿನ್ನಿಗೆ ತಿರುಗಿಸಿಕೊಂಡನು. ಎಲೆಯ ಬಣ್ಣವನ್ನೂ ಆಕಾರವನ್ನೂ ಹಿಡಿದು ಅದರಲ್ಲಿ ಹಲವು ಬಗೆಗಳನ್ನು ಗುರುತಿಸಿದನು. ಚಿನ್ನದ ಚುಕ್ಕೆಗಳುಳ್ಳದ್ದು ಒಂದು, ಪಟ್ಟಿಯಂತಹ ಎಲೆಯದು ಇನ್ನೊಂದು. ಈಗಿನ ಶಾಸ್ತ್ರಜ್ಞರು ಈ ಬಣ್ಣದ ಬಗೆಗಳನ್ನು ಒಂದೇ ಪ್ರಭೇದದಲ್ಲಿ ಸೇರಿಸುತ್ತಾರೆ. ಏಕೆಂದರೆ ಈ ಗಿಡದಲ್ಲಿ ಎಲೆ ಎಷ್ಟು ಬದಲಾದರೂ ಹೂವು ಬದಲಾಗುವುದಿಲ್ಲ. ಎಲೆಯನ್ನು ನಂಬಿ ವಿಂಗಡಿಸಿದ್ದು ರಂಫಿಯಸನ ಕಾಲದ ಮಿತಿ. ಅವನ ವರ್ಣನೆಯಾದರೋ ಗಿಡವನ್ನು ಗುರುತಿಸಲು ಸಾಕಾಗುವಷ್ಟು ನಿಖರವಾಗಿತ್ತು.

ಆ ಕುಟುಂಬದ ಇನ್ನೂ ಒಂದು ಗಿಡದ ವಿಷಯವನ್ನು ಹೇಳಬೇಕು. ಕಡಲಿನ ಉಪ್ಪುನೀರು ಏರಿಳಿಯುವ ಕೆಸರಿನಲ್ಲಿ, ಕಾಂಡ್ಲ ಗಿಡಗಳ ನಡುವೆ, ಅದು ಪೊದೆಯಾಗಿಯೋ ಸಣ್ಣ ಮರವಾಗಿಯೋ ಬೆಳೆಯುತ್ತದೆ. ಕೊಂಬೆಯನ್ನು ಮುರಿದರೆ ಬಿಳಿಯ ಹಾಲು ಚಿಮ್ಮುತ್ತದೆ. ಕಟ್ಟಿಗೆ ಕಡಿಯಲೆಂದು ದಡಕ್ಕಿಳಿದ ನಾವಿಕರ ಕಣ್ಣಿಗೆ ಆ ಹಾಲು ಸಿಡಿದು, ಅವರು ಉರಿಯನ್ನು ತಾಳಲಾರದೆ ಹುಚ್ಚರಂತೆ ಓಡಾಡಿದ ಸಂಗತಿಯನ್ನು ರಂಫಿಯಸನು ದಾಖಲಿಸಿದ್ದಾನೆ. ಕುರುಡುಮಾಡುವ ಮರ ಎಂಬ ಅರ್ಥದ ಲ್ಯಾಟಿನ್ ಹೆಸರನ್ನು ಅವನು ಅದಕ್ಕೆ ಕೊಟ್ಟನು. ಅವನ ಕುರುಡುತನಕ್ಕೂ ಈ ಗಿಡಕ್ಕೂ ಸಂಬಂಧವಿರಲಿಲ್ಲ. ಆದರೂ ಆ ಹೆಸರನ್ನು ಹೇಳಿ ಬರೆಸುವಾಗ ಅವನ ಮನಸ್ಸಿನಲ್ಲಿ ಏನು ಹಾದುಹೋಗಿರಬಹುದೆಂದು ಓದುವವರಿಗೆ ತೋರದಿರದು. 1759ರಲ್ಲಿ ಲಿನೇಯಸನು ಅದೇ ಅರ್ಥವನ್ನು ಉಳಿಸಿಕೊಂಡು ಆ ಜಾತಿಗೆ ಎಕ್ಸಿಕೇರಿಯ ಎಂದು ಹೆಸರಿಟ್ಟನು. ಕೋಡಿಯಿಯಮ್ಮಿನ ಸ್ವಾಭಾವಿಕ ನೆಲೆಯು ಮಲಯ ದ್ವೀಪಗಳಿಂದ ಆಸ್ಟ್ರೇಲಿಯದ ಈಶಾನ್ಯ ಭಾಗ ಮತ್ತು ಶಾಂತಸಾಗರದ ದ್ವೀಪಗಳವರೆಗೆ ಮಾತ್ರ. ನಮ್ಮಲ್ಲಿಗೆ ಅದು ಬಂದದ್ದು ಮನುಷ್ಯರ ಕೈಯಿಂದ, ಅಲಂಕಾರದ ಗಿಡವಾಗಿ. ಕಡಲಂಚಿನ ಎಕ್ಸಿಕೇರಿಯವಾದರೋ ಭಾರತದ ಕರಾವಳಿಯಿಂದ ಶಾಂತಸಾಗರದ ದ್ವೀಪಗಳವರೆಗೆ ತಾನಾಗಿಯೇ ಹರಡಿದೆ. ಉತ್ತರ ಕನ್ನಡ, ಉಡುಪಿ ಜಿಲ್ಲೆಗಳ ಅಳಿವೆಗಳಲ್ಲಿಯೂ ಅದನ್ನು ಕಾಣಬಹುದು. ಒಂದೇ ಕುಟುಂಬದ ಎರಡು ಪೊದೆಗಿಡಗಳಲ್ಲಿ ಒಂದು ಕುಂಡದಲ್ಲಿ ಕುಳಿತು ಪ್ರಪಂಚವನ್ನು ಸುತ್ತಿತು. ಇನ್ನೊಂದು ಉಪ್ಪುನೀರಿನ ದಾರಿಯನ್ನು ಹಿಡಿಯಿತು.

ಇವುಗಳಲ್ಲದೆ, ನಮ್ಮ ವೈದ್ಯರು ಪ್ರಬಲವಾದ ವಿರೇಚಕವೆಂದು ಬಲ್ಲ ಜಾಪಾಳವನ್ನೂ, ಎಣ್ಣೆತುಂಬಿದ ತಿರುಳನ್ನು ದೀಪದಂತೆ ಉರಿಸಲು ಬರುವ ಒಂದು ಕಾಯಿಯ ಮರವನ್ನೂ ಅವನು ವರ್ಣಿಸಿದ್ದಾನೆ. ಇವೆಲ್ಲ ಒಂದೇ ಕುಟುಂಬವೆಂದು ಅವನಿಗೆ ತಿಳಿದಿರಲಿಲ್ಲ. ಅದನ್ನು ತಿಳಿಯಲು ಇನ್ನೂ ನೂರು ವರ್ಷಗಳು ಬೇಕಾಗಿದ್ದವು.

ವಿದ್ವತ್ಪ್ರಪಂಚವು ರಂಫಿಯಸನನ್ನು ಪೂರ್ತಿ ಮರೆತಿರಲಿಲ್ಲ. 1681ರಲ್ಲಿ ಜರ್ಮನಿಯ ನಿಸರ್ಗವಿಜ್ಞಾನಿಗಳ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿ, ಪ್ರಾಚೀನ ರೋಮಿನ ಪ್ಲಿನಿಯ ಹೆಸರನ್ನು ನೆನಪಿಸುವಂತೆ ಇಂಡೀಸಿನ ಪ್ಲಿನಿ ಎಂಬ ಬಿರುದನ್ನಿತ್ತಿತು. ಅವನ ಮಗ ಪೌಲ್ ಆಗಸ್ಟನು ತಂದೆಗೆ ಕಣ್ಣಾಗಿ ನಿಂತು ಅನೇಕ ಗಿಡಗಳ ಚಿತ್ರಗಳನ್ನು ಬರೆದುಕೊಟ್ಟನು. ಕಂಪನಿಯೂ ಚಿತ್ರಕಾರರನ್ನೂ ಲೇಖಕರನ್ನೂ ಒದಗಿಸಿತು. ಗ್ರಂಥವು ಮುಗಿಯುವ ಕಾಲ ಹತ್ತಿರ ಬಂದಂತಿತ್ತು.

1687ರ ಜನವರಿ 11ರಂದು ಅಂಬೋನ್ ಪಟ್ಟಣದಲ್ಲಿ ಬೆಂಕಿ ಬಿದ್ದಿತು. ರಂಫಿಯಸನ ಮನೆ ಸುಟ್ಟಿತು. ಪುಸ್ತಕಭಂಡಾರವೂ ಹಲವು ಹಸ್ತಪ್ರತಿಗಳೂ ಗಿಡಗಳ ಚಿತ್ರಗಳೂ ಬೂದಿಯಾದವು. ಸಸ್ಯಗ್ರಂಥದ ಬರಹ ಮಾತ್ರ ಉಳಿಯಿತು. ಚಿತ್ರವಿಲ್ಲದ ಸಸ್ಯಗ್ರಂಥವು ಅರ್ಧ ಗ್ರಂಥವೇ. ಆಗ ಅವನಿಗೆ ಅರವತ್ತರ ಸಮೀಪದ ವಯಸ್ಸು. ಸುಟ್ಟ ಚಿತ್ರಗಳನ್ನು ಮತ್ತೆ ಬರೆಯಿಸುವ ಕೆಲಸವನ್ನು ಕೈಗೊಂಡನು. ಗಿಡಗಳನ್ನು ಮತ್ತೆ ಕಾಡಿನಿಂದ ತರಿಸಬೇಕು. ಚಿತ್ರಕಾರನು ಬರೆದದ್ದು ಸರಿಯೋ ತಪ್ಪೋ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕು. ಮೂರು ವರ್ಷಗಳಲ್ಲಿ ಗ್ರಂಥದ ಮೊದಲ ಅರ್ಧವು ಚಿತ್ರಸಹಿತವಾಗಿ ಸಿದ್ಧವಾಯಿತು.

ಹಸ್ತಪ್ರತಿಯು ಅಂಬೋನಿನಿಂದ ಬಟೇವಿಯಕ್ಕೆ, ಅಲ್ಲಿಂದ ಹಾಲೆಂಡಿಗೆ ಹೋಗಬೇಕಾಗಿತ್ತು. ಬಟೇವಿಯದಲ್ಲಿ ಗವರ್ನರ್ ಜನರಲ್ ಆಗಿದ್ದ ಯೋಹಾನೆಸ್ ಕಾಂಪ್‌ಹೌಸನು ನಿಸರ್ಗವಿಜ್ಞಾನದಲ್ಲಿ ಆಸಕ್ತನು. ಅವನು ಹಸ್ತಪ್ರತಿಯನ್ನು ನೇರವಾಗಿ ಹಡಗಿಗೆ ಹಾಕಿಸದೆ, ಅದರ ಒಂದು ಪ್ರತಿಯನ್ನು ಮಾಡಿಸಿಟ್ಟುಕೊಂಡನು. 1692ರಲ್ಲಿ ಮೂಲ ಹಸ್ತಪ್ರತಿಯನ್ನು ಹೊತ್ತು ವಾಟರ್‌ಲ್ಯಾಂಡ್ ಎಂಬ ಹಡಗು ಹೊರಟಿತು. ಆಗ ಹಾಲೆಂಡಿಗೂ ಫ್ರಾನ್ಸಿಗೂ ಯುದ್ಧ. ಫ್ರೆಂಚರು ಆ ಹಡಗನ್ನು ಮುಳುಗಿಸಿದರು. ಕಾಂಪ್‌ಹೌಸನು ಆ ಮುನ್ನೆಚ್ಚರಿಕೆಯನ್ನು ವಹಿಸದಿದ್ದಲ್ಲಿ ರಂಫಿಯಸನ ಹೆಸರನ್ನು ಇಂದು ಹೇಳುವವರು ಇರುತ್ತಿದ್ದರೋ ಇಲ್ಲವೋ ಎಂಬುದು ಸಂದೇಹ. ಪ್ರತಿಯಿಂದ ಮತ್ತೊಂದು ಪ್ರತಿಯನ್ನು ಮಾಡಿಸಿದರು. ಉಳಿದ ಭಾಗಗಳೂ ಒಂದೊಂದಾಗಿ ಅಂಬೋನಿನಿಂದ ಹೊರಟವು. ಕಡೆಗೆ 1697ರ ವೇಳೆಗೆ ಹನ್ನೆರಡು ಭಾಗಗಳ ಪೂರ್ಣ ಗ್ರಂಥವು ಹಾಲೆಂಡನ್ನು ಮುಟ್ಟಿತು.

ಕಡಲು, ಬೆಂಕಿ, ಭೂಕಂಪಗಳನ್ನು ದಾಟಿ ಬಂದ ಗ್ರಂಥವನ್ನು ಕಂಪನಿಯ ನಿರ್ದೇಶಕರು ಅಚ್ಚು ಮಾಡಲು ಬಿಡಲಿಲ್ಲ. ಸಾಂಬಾರ ದ್ವೀಪಗಳ ಗಿಡಮರಗಳ ವಿವರ ಇತರ ದೇಶದವರ ಕೈಗೆ ಸಿಕ್ಕರೆ ತಮ್ಮ ವ್ಯಾಪಾರಕ್ಕೆ ಧಕ್ಕೆ ಬಂದೀತೆಂಬುದು ಅವರ ಭಯ. ಅದೇ ಕಂಪನಿಯ ಅಧಿಕಾರಿಯಾಗಿ ಮಲಬಾರಿನಲ್ಲಿದ್ದ ವಾನ್ ರೀಡನು ಸ್ಥಳೀಯ ವೈದ್ಯರ ನೆರವಿನಿಂದ ರಚಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥವು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾಗಿತ್ತು. ರಂಫಿಯಸನಿಗೆ ಆ ಭಾಗ್ಯವಿರಲಿಲ್ಲ. ಆದರೂ ಅವನು ಸುಮ್ಮನೆ ಕೂಡಲಿಲ್ಲ. ಬಿಟ್ಟುಹೋದ ಗಿಡಗಳನ್ನು ಸೇರಿಸಿ ಒಂದು ಪುರವಣಿಯನ್ನು ಹೇಳಿ ಬರೆಸಿ 1701ರಲ್ಲಿ ಮುಗಿಸಿದನು. 1702ರ ಜೂನ್ 15ರಂದು ಅಂಬೋನಿನಲ್ಲಿಯೇ ತೀರಿಕೊಂಡನು. ತನ್ನ ಮಹಾಗ್ರಂಥದ ಅಚ್ಚಾದ ಒಂದು ಹಾಳೆಯೂ ಅವನ ಕೈಯನ್ನು ಮುಟ್ಟಲಿಲ್ಲ.

1705ರಲ್ಲಿ ಚಿಪ್ಪು, ಏಡಿ, ಖನಿಜಗಳನ್ನು ಕುರಿತ ಅವನ ಇನ್ನೊಂದು ಪುಸ್ತಕವು ಆಂಸ್ಟರ್ಡಾಮಿನಲ್ಲಿ ಪ್ರಕಟವಾಯಿತು. ಸಸ್ಯಗ್ರಂಥದ ಮೇಲಿನ ನಿಷೇಧವು ಆ ಹೊತ್ತಿಗೆ ಸಡಿಲವಾಗಿದ್ದರೂ ಅಷ್ಟು ದೊಡ್ಡ ಗ್ರಂಥಕ್ಕೆ ಹಣ ಹಾಕುವ ಪ್ರಕಾಶಕರು ಸಿಗಲಿಲ್ಲ. ಕೊನೆಗೆ ಆಂಸ್ಟರ್ಡಾಮಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಯೋಹಾನೆಸ್ ಬರ್ಮನನು ಆ ಭಾರವನ್ನು ಹೊತ್ತನು. ಡಚ್ ಮೂಲದ ಪಕ್ಕದಲ್ಲಿಯೇ ಲ್ಯಾಟಿನ್ ಅನುವಾದವನ್ನು ಕೊಟ್ಟು, ಸುಮಾರು ಏಳುನೂರು ಚಿತ್ರಫಲಕಗಳೊಡನೆ, 1741ರಿಂದ 1750ರವರೆಗೆ ಆರು ಬೃಹತ್ಸಂಪುಟಗಳಲ್ಲಿ ಹರ್ಬೇರಿಯಮ್ ಅಂಬೋಯ್ನೆನ್ಸೆ ಎಂಬ ಹೆಸರಿನಿಂದ ಅದನ್ನು ಹೊರತಂದನು. 1755ರಲ್ಲಿ ಪುರವಣಿಯೂ ಅಚ್ಚಾಯಿತು. ರಂಫಿಯಸನು ಕಣ್ಣುಗಳನ್ನು ಕಳೆದುಕೊಂಡು ಆಗ ಎಂಬತ್ತೈದು ವರ್ಷಗಳಾಗಿದ್ದವು.

1753ರಲ್ಲಿ ಲಿನೇಯಸನು ತನ್ನ ಪ್ರಸಿದ್ಧ ಗ್ರಂಥದಲ್ಲಿ ಪ್ರಪಂಚದ ಗಿಡಗಳಿಗೆಲ್ಲ ಎರಡು ಪದಗಳ ಹೆಸರುಗಳನ್ನಿಟ್ಟನು. ಬಣ್ಣದೆಲೆಯ ಪೊದೆಗಿಡವನ್ನು ಅವನು ಕ್ರೋಟನ್ ಜಾತಿಯಲ್ಲಿ ಸೇರಿಸಿದನು. ಕ್ರೋಟನ್ ಎಂದರೆ ಗ್ರೀಕ್ ಭಾಷೆಯಲ್ಲಿ ದನಗಳ ಮೈಗೆ ಹತ್ತುವ ಉಣ್ಣೆ. ಬೀಜವು ಉಣ್ಣೆಯಂತೆ ಕಾಣುವುದರಿಂದ ಆ ಹೆಸರು. ಹರಳಿನ ಲ್ಯಾಟಿನ್ ಹೆಸರಾದ ರಿಸಿನಸ್ ಎಂಬುದಕ್ಕೂ ಇದೇ ಅರ್ಥ. ಉದ್ಯಾನಗಳಲ್ಲಿ ಉಳಿದುಕೊಂಡ ಹೆಸರು ಇದೇ. ಆದರೆ 1824ರಲ್ಲಿ ಪ್ಯಾರಿಸಿನ ಆಡ್ರಿಯನ್ ದ ಜೂಸ್ಯೂ ಎಂಬ ತರುಣನು ಯೂಫೋರ್ಬಿಯೇಸಿ ಕುಟುಂಬದ ಜಾತಿಗಳನ್ನೆಲ್ಲ ಮತ್ತೆ ಪರೀಕ್ಷಿಸಿ ಒಂದು ಪ್ರಬಂಧವನ್ನು ಬರೆದನು. ಅವನ ತಂದೆಯೇ 1789ರಲ್ಲಿ ಈ ಬಳಗವನ್ನು ಒಂದು ಸ್ವಾಭಾವಿಕ ಗಣವೆಂದು ಗುರುತಿಸಿದ್ದ ಪ್ರಸಿದ್ಧ ಸಸ್ಯಶಾಸ್ತ್ರಜ್ಞ. ಕ್ರೋಟನ್ ಜಾತಿಯ ಗಿಡಗಳ ಮೈಮೇಲೆ ಸಾಮಾನ್ಯವಾಗಿ ನಕ್ಷತ್ರದಾಕಾರದ ರೋಮಗಳೋ ಹೊಟ್ಟುಗಳೋ ಇರುತ್ತವೆ. ಬಣ್ಣದೆಲೆಯ ಗಿಡದಲ್ಲಿ ಅವು ಇಲ್ಲ. ಅದರ ಗಂಡುಹೂವಿಗೆ ಸಣ್ಣ ಬಿಳಿಯ ದಳಗಳೂ ಅನೇಕ ಕೇಸರಗಳೂ ಇದ್ದರೆ, ಹೆಣ್ಣುಹೂವಿಗೆ ದಳಗಳೇ ಇಲ್ಲ. ಜೂಸ್ಯೂ ಈ ಗಿಡವನ್ನು ಕ್ರೋಟನಿನಿಂದ ಬೇರ್ಪಡಿಸಿದನು. ಹೊಸ ಜಾತಿಗೆ ಹೊಸ ಹೆಸರನ್ನು ಕಟ್ಟದೆ, ಅಂಬೋನಿನ ಕುರುಡನು ಇಟ್ಟಿದ್ದ ಕೋಡಿಯಿಯಮ್ ಎಂಬುದನ್ನೇ ಅದಕ್ಕೆ ಕೊಟ್ಟನು. ಇಂದಿಗೂ ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಆ ಜಾತಿಯ ಹೆಸರಿನ ಮುಂದೆ ಇಬ್ಬರ ಹೆಸರೂ ಜೊತೆಯಾಗಿ ಅಚ್ಚಾಗುತ್ತದೆ.

ರಂಫಿಯಸನು ಒಣಗಿಸಿದ ಗಿಡಗಳ ಸಂಗ್ರಹವನ್ನು ಮುಂದಿನವರಿಗಾಗಿ ಉಳಿಸಿರಲಿಲ್ಲ. ಉಳಿದುದು ಮಾತು ಮತ್ತು ಚಿತ್ರ ಮಾತ್ರ. ಅವನು ವರ್ಣಿಸಿದ ಗಿಡಗಳಲ್ಲಿ ಯಾವುದು ಯಾವುದೆಂದು ನಿಶ್ಚಯಿಸಬೇಕಾದರೆ ಅಂಬೋನಿಗೇ ಹೋಗಿ, ಅವನು ಹೇಳಿದ ಸ್ಥಳದಲ್ಲಿಯೇ ಹುಡುಕಬೇಕಾಗಿತ್ತು. ಮನಿಲಾದಲ್ಲಿ ಕೆಲಸಮಾಡುತ್ತಿದ್ದ ಚಾರ್ಲ್ಸ್ ರಾಬಿನ್ಸನ್ ಎಂಬ ಸಸ್ಯಶಾಸ್ತ್ರಜ್ಞನು 1913ರಲ್ಲಿ ಆ ಕಾರ್ಯಕ್ಕಾಗಿಯೇ ಅಲ್ಲಿಗೆ ತೆರಳಿದನು.

ರಂಫಿಯಸನ ಪುಸ್ತಕದ ಹೆಸರುಗಳನ್ನು ಹಿಡಿದು ಅವನು ಅಲೆಯುತ್ತಿದ್ದನು. ಅದೇ ವರ್ಷದ ಡಿಸೆಂಬರಿನಲ್ಲಿ ಗಿಡಗಳನ್ನು ಸಂಗ್ರಹಿಸುತ್ತಿದ್ದಾಗಲೇ ಅವನು ಆ ದ್ವೀಪದಲ್ಲಿ ಕೊಲೆಯಾದನು. ಅವನು ಕೂಡಿಸಿದ್ದ ಗಿಡಗಳು ಮಾತ್ರ ಮನಿಲಾವನ್ನು ತಲಪಿದವು. ಅವುಗಳ ಆಧಾರದಿಂದ ಎಲ್ಮರ್ ಮೆರಿಲ್ ಎಂಬವನು ರಂಫಿಯಸನ ಗಿಡಗಳಿಗೆಲ್ಲ ಈಗಿನ ಹೆಸರುಗಳನ್ನು ಹೊಂದಿಸಿ 1917ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಬಹುಪಾಲು ಗಿಡಗಳನ್ನು ರಂಫಿಯಸನ ವರ್ಣನೆಯಿಂದಲೇ ಗುರುತಿಸಲು ಸಾಧ್ಯವಾಯಿತು.

ಹರ್ಬೇರಿಯಮ್ ಅಂಬೋಯ್ನೆನ್ಸೆ ಇಂಗ್ಲಿಷಿಗೆ ಪೂರ್ತಿಯಾಗಿ ಅನುವಾದವಾಗಲು ಇನ್ನೂ ತೊಂಬತ್ತನಾಲ್ಕು ವರ್ಷಗಳು ಹಿಡಿದವು. ಡಚ್ ಮನೆತನದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕನಾಗಿದ್ದ ಇ. ಎಂ. ಬೀಕ್ಮನ್ ಆ ಕೆಲಸವನ್ನು ಮಾಡಿದನು. ಅನುವಾದವು ಆರು ಸಂಪುಟಗಳಲ್ಲಿ 2011ರಲ್ಲಿ ಹೊರಬಂದಿತು. ಬೀಕ್ಮನ್ನನೂ ಅದನ್ನು ಕಾಣಲಿಲ್ಲ. ಅವನು 2008ರಲ್ಲಿಯೇ ತೀರಿಕೊಂಡಿದ್ದನು.